ಫಲಾಧಾರಿತ ರಾಜ್ಯಾಡಳಿತ: ಒಂದು ವಿಮರ್ಶೆ

ರಾಜಕಾರ್ಯವನ್ನು ವ್ಯಯದಿಂದಲ್ಲ, ಫಲದಿಂದ ಅಳೆಯಬೇಕೆಂಬ ಕ್ರಮವು ಅಮೆರಿಕದಲ್ಲಿ 1993ರ ಶಾಸನದಿಂದ ನೆಲೆಗೊಂಡು, ಭಾರತ ಸರ್ಕಾರದಲ್ಲಿ 2009ರಲ್ಲಿ ಇಲಾಖೆಗಳ ಫಲಿತಾಂಶಪತ್ರಗಳ ರೂಪವನ್ನು ತಾಳಿತು. ಕರ್ನಾಟಕದಲ್ಲಿ ಇದಕ್ಕೆ ಸಮೀಪವಾದುದು ನಾಗರಿಕರಿಗೆ ಸೇವೆಗಳನ್ನು ಖಾತರಿಪಡಿಸುವ 2011ರ ಅಧಿನಿಯಮ. ಅದು 2012ರ ಏಪ್ರಿಲ್ 2ರಿಂದ 'ಸಕಾಲ'ವೆಂಬ ಹೆಸರಿನಲ್ಲಿ ರಾಜ್ಯದಲ್ಲೆಲ್ಲ ಜಾರಿಗೆ ಬಂದಿತು. ಈ ಕ್ರಮದಲ್ಲಿ ಫಲವೆಂದರೆ ಯಾವುದೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ವಿಧಿವಾಕ್ಯದಿಂದ ಪ್ರೇರಿತವಾದ ಪುರುಷಪ್ರಯತ್ನಕ್ಕೆ ಮೀಮಾಂಸಕರು ಮೂರು ಅಂಶಗಳನ್ನು ಹೇಳುವರು: ಸಾಧ್ಯ, ಸಾಧನ, ಇತಿಕರ್ತವ್ಯತೆ, ಅರ್ಥಾತ್ ಏನನ್ನು, ಯಾವುದರಿಂದ, ಹೇಗೆ ಸಾಧಿಸಬೇಕೆಂಬುದು. ಇವುಗಳಲ್ಲಿ ಅಂಗವನ್ನೇ ಫಲವೆಂದು ಭ್ರಮಿಸಿದರೆ ಕರ್ಮವು ನಡೆದರೂ ಪ್ರಯೋಜನವು ಸಿದ್ಧಿಸದು.

ಸಕಾಲದಲ್ಲಿ ಅರ್ಜಿಗೆ ಸಂಖ್ಯೆಯುಂಟು, ಅವಧಿಯುಂಟು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವುಂಟು. ಶಿವಮೊಗ್ಗೆಯ ಕಚೇರಿಯ ಬಾಗಿಲಲ್ಲಿ ನಿಂತ ಬಡವನಿಗೆ ಇದು ಅಲ್ಪವಾದ ಉಪಕಾರವಲ್ಲ. ಆದರೆ ಕಾರಣವನ್ನು ಬರೆದು ಅವಧಿಯೊಳಗೆ ಅರ್ಜಿಯನ್ನು ತಿರಸ್ಕರಿಸಿದರೂ ಅದು ವಿಲೇವಾರಿಯೇ. ಕಾಲಪಾಲನೆಯು ಅಂಗ, ಅರ್ಹನಿಗೆ ಸಲ್ಲತಕ್ಕುದು ಸಲ್ಲುವುದು ಫಲ. ಅಂಗವನ್ನು ಮಾತ್ರ ಎಣಿಸುವ ಲೆಕ್ಕವು ಅನ್ಯಾಯವಾದ ತಿರಸ್ಕಾರವನ್ನೂ ಯಶಸ್ಸಿನ ಪಟ್ಟಿಯಲ್ಲಿ ಸೇರಿಸುವುದು.

ಹಾಗಾದರೆ ಫಲವನ್ನು ವಿಶಾಲವಾಗಿ ಗ್ರಹಿಸಿದರೆ ಸಾಲದೆ? ಸಾಲದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೇ ಇದಕ್ಕೆ ನಿದರ್ಶನ. ಮೈಸೂರು ಸಂಸ್ಥಾನವು ಸ್ಥಾಪಿಸಿದ ಈ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಗುವ ವೇಳೆಗೆ, ಮಹಾಯುದ್ಧಾನಂತರದ ಬೆಲೆಗಳು ಕುಸಿದಿದ್ದವು. ವರ್ಷದ ಲಾಭವನ್ನೇ ಫಲವೆಂದೆಣಿಸಿದವರು ಇದನ್ನು ವ್ಯರ್ಥವೆಂದರು. ಅದೇ ವರ್ಷ ಆಡಳಿತಮಂಡಲಿಯ ಅಧ್ಯಕ್ಷರಾದ ವಿಶ್ವೇಶ್ವರಯ್ಯನವರು 1929ರವರೆಗೆ ವ್ಯಯವನ್ನು ಬಿಗಿಹಿಡಿದು, ಸ್ವದೇಶೀಯರನ್ನು ಕೆಲಸದಲ್ಲಿ ತರಬೇತುಗೊಳಿಸಿದರು. ನಾಡಿನ ಕೈಗೆ ಬಂದ ಕುಶಲತೆಯು ನಿಜವಾಗಿಯೂ ಫಲವೇ. ಆದರೆ ಕುಲುಮೆಯ ಇದ್ದಲಿಗಾಗಿ ಮಲೆನಾಡಿನ ಮರಗಳು ಉರುಳಿದುದೂ ಫಲವೇ. ಅದು ಲಾಭನಷ್ಟಗಳ ಯಾವ ಕಟ್ಟಿನಲ್ಲಿಯೂ ಕಾಣದು. ನಷ್ಟವಾದ ಬಳಿಕ ಇಷ್ಟಫಲಗಳನ್ನು ಹುಡುಕಿ ಹೇಳಿ, ಅನಿಷ್ಟಗಳನ್ನು ಬಿಡುವುದು ನ್ಯಾಯವಲ್ಲ.

ಆದುದರಿಂದ ಫಲವನ್ನು ಕರ್ಮಾರಂಭಕ್ಕೆ ಮೊದಲೇ ಸಂಕಲ್ಪವಾಕ್ಯದಂತೆ ಸ್ಪಷ್ಟವಾಗಿ ಹೇಳತಕ್ಕುದು. ಅನಿಷ್ಟವನ್ನೂ ಎಣಿಕೆಗೆ ತರತಕ್ಕುದು. ಫಲವು ದೊರೆಯಿತೇ ಎಂಬುದನ್ನು ಕರ್ತೃವಾದ ಅಧಿಕಾರಿಯಲ್ಲ, ಭೋಕ್ತೃವಾದ ಪ್ರಜೆಯು ಹೇಳತಕ್ಕುದು. ಈ ಮೂರೂ ಇಲ್ಲದೆಡೆ ಫಲಾಧಾರಿತವೆಂಬ ವಿಶೇಷಣವು ಕೇವಲ ಅಲಂಕಾರವೆಂದು ನಮ್ಮ ಅಭಿಪ್ರಾಯ.