ಪ್ರಶ್ನೆಯ ಅನುವಾದವಾದರೆ ಸಾಕೇ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಒಂದು ಹಳ್ಳಿಶಾಲೆಯಲ್ಲಿ ಟೈಪ್ 1 ಮಧುಮೇಹವಿರುವ ಹತ್ತು ವರ್ಷದ ಹುಡುಗಿಯೊಬ್ಬಳು ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಮೇದೋಜೀರಕ ಗ್ರಂಥಿ ಸಾಕಷ್ಟು ಇನ್ಸುಲಿನ್ ತಯಾರಿಸುವುದಿಲ್ಲ; ದಿನವೂ ಚುಚ್ಚುಮದ್ದು ಬೇಕು. ರಕ್ತದ ಗ್ಲೂಕೋಸನ್ನು ಉಪಕರಣ ಅಳೆಯುತ್ತದೆ. ಆದರೆ ಅವಳ ದಿನ ಹೇಗೆ ಸಾಗುತ್ತಿದೆ, ಯಾವುದು ಕಷ್ಟ, ಯಾವುದಕ್ಕೆ ಅಂಜಿಕೆ ಎಂಬುದನ್ನು ಅಳೆಯುವುದು ಹೇಗೆ? ಅದಕ್ಕೆಂದೇ ‘ಜೀವನ ಗುಣಮಟ್ಟ’ದ ಪ್ರಶ್ನಾವಳಿಗಳಿವೆ.

ಇವುಗಳಲ್ಲಿ ಹೆಸರಾದದ್ದು ಅಮೆರಿಕದ ಜೇಮ್ಸ್ ವಾರ್ನಿ ಮತ್ತು ಸಂಗಡಿಗರ ‘ಪೆಡ್ಸ್‌ಕ್ಯೂಎಲ್’. ಇದರ ಮಧುಮೇಹ ವಿಭಾಗದ 3.0 ಆವೃತ್ತಿ 2003ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವು 28 ಪ್ರಶ್ನೆಗಳು, 2018ರ 3.2 ಆವೃತ್ತಿಯಲ್ಲಿ 33. ಮಗುವಿಗೊಂದು, ಪಾಲಕರಿಗೊಂದು ಬೇರೆ ಬೇರೆ ನಮೂನೆ, 5ರಿಂದ 7 ವರ್ಷದವರಿಗೆ ಉತ್ತರ ಸೂಚಿಸಲು ಮೂರು ಮುಖಗಳ ಚಿತ್ರ – ಇವೆಲ್ಲ ಇದರ ಒಳ್ಳೆಯ ಗುಣಗಳೇ. ‘ಕಳೆದ ತಿಂಗಳಲ್ಲಿ ಇದು ಎಷ್ಟು ತೊಂದರೆ ಕೊಟ್ಟಿತು?’ ಎಂಬುದಕ್ಕೆ ‘ಎಂದೂ ಇಲ್ಲ’ ಎಂದರೆ 100 ಅಂಕ; ‘ಹೆಚ್ಚುಕಡಿಮೆ ಯಾವಾಗಲೂ’ ಎಂದರೆ 0; ನಡುವಿನವಕ್ಕೆ 75, 50, 25. ಅಂಕ ಹೆಚ್ಚಿದಷ್ಟೂ ಜೀವನ ಹಸನು ಎಂದರ್ಥ.

ಇಂತಹ ಪ್ರಶ್ನಾವಳಿಯನ್ನು ಬೇರೆ ಭಾಷೆಗೆ ತರುವಾಗ ಇಬ್ಬರು ಪ್ರತ್ಯೇಕವಾಗಿ ಅನುವಾದಿಸುತ್ತಾರೆ. ಎರಡನ್ನೂ ಹೊಂದಿಸಿ ಒಂದು ಪಾಠ ಸಿದ್ಧಪಡಿಸುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷ್ ಪಾಠಗಳೂ ತಾಳೆಯಾದರೆ ಅನುವಾದ ಸರಿ ಎಂದು ಭಾವಿಸಲಾಗುತ್ತದೆ. ಈ ತಾಳೆ ಎಷ್ಟು ನಂಬಲರ್ಹ?

ಒಂದು ಉದಾಹರಣೆ ನೋಡಿ. ಗ್ಲೂಕೋಸ್ ಅಪಾಯದ ಮಟ್ಟಕ್ಕೆ ಕುಸಿಯುವುದನ್ನು ಮೂಲದಲ್ಲಿ ‘ಲೋ ಆಗುವುದು’ ಎಂದಿದೆ. ಅದನ್ನು ‘ಶುಗರ್ ಕಡಿಮೆಯಾಗುವುದು’ ಎಂದು ಅನುವಾದಿಸಿದರೆ, ಮರಳಿ ಇಂಗ್ಲಿಷಿಗೆ ತಂದಾಗ ತಾಳೆ ಸರಿಹೋಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ‘ಅಜ್ಜನಿಗೆ ಈಗ ಶುಗರ್ ಕಡಿಮೆಯಾಗಿದೆ’ ಎಂದರೆ ಶುಭವಾರ್ತೆ! ಅಪಾಯವನ್ನು ಕುರಿತ ಪ್ರಶ್ನೆಯನ್ನು ಮಗು ಗುಣವಾಗುವುದನ್ನು ಕುರಿತ ಪ್ರಶ್ನೆಯೆಂದು ಓದಿದರೆ ತಪ್ಪು ಮಗುವಿನದಲ್ಲ. ‘ಶುಗರ್ ತುಂಬ ಇಳಿದು ಕೈಕಾಲು ನಡುಗಿ ಬೆವರು ಬರುವುದು’ ಎಂದು ಬಿಡಿಸಿ ಬರೆಯಬಹುದಲ್ಲ ಎನ್ನುವಿರಾ? ನಡುಕ, ಬೆವರುಗಳಿಗೆ ಬೇರೆಯೇ ಪ್ರಶ್ನೆಗಳಿವೆ. ಆಗ ಒಂದೇ ತೊಂದರೆಯನ್ನು ಎರಡೆರಡು ಸಲ ಎಣಿಸಿದಂತಾಗುತ್ತದೆ.

ಇನ್ನೂ ದೊಡ್ಡ ತೊಡಕು ಭಾಷೆಯದಲ್ಲ, ಬದುಕಿನದು. 3.0 ಆವೃತ್ತಿಯಲ್ಲಿ ಚಿಕಿತ್ಸೆಯ ಪಾಲನೆ ಕುರಿತು ಏಳು ಪ್ರಶ್ನೆಗಳಿವೆ. ರಕ್ತಪರೀಕ್ಷೆ ಮಾಡಿಕೊಳ್ಳುವುದು ಕಷ್ಟವೇ, ಕಾಯಿಲೆಯ ಗುರುತಿನ ಬಳೆ ಧರಿಸುವುದು ಕಷ್ಟವೇ ಎಂಬುವು ಅವುಗಳಲ್ಲಿ ಎರಡು. ನಮ್ಮ ಹುಡುಗಿ ಅಂತಹ ಬಳೆಯನ್ನು ಕಂಡೇ ಇಲ್ಲ; ಮನೆಯಲ್ಲಿ ಪರೀಕ್ಷೆಯ ಸ್ಟ್ರಿಪ್‌ಗಳೂ ಇಲ್ಲ. ಎರಡಕ್ಕೂ ಅವಳು ‘ಎಂದೂ ಇಲ್ಲ’ ಎನ್ನುತ್ತಾಳೆ. ಉಳಿದ ಐದಕ್ಕೆ ‘ಆಗಾಗ’ ಎಂದು ತಲಾ 25 ಅಂಕ ಪಡೆದಳೆನ್ನಿ. ಆ ಎರಡನ್ನು ಖಾಲಿ ಬಿಟ್ಟಿದ್ದರೆ ಸರಾಸರಿ 25. ‘ಎಂದೂ ಇಲ್ಲ’ ಎಂದದ್ದರಿಂದ 325ನ್ನು 7ರಿಂದ ಭಾಗಿಸಿ ಸುಮಾರು 46. ಬಡತನವೇ ಅವಳ ಅಂಕವನ್ನು ಏರಿಸಿತು!

ಮಧುಮೇಹವಿದೆಯೆಂದು ಮುಜುಗರವಾಗುತ್ತದೆಯೇ ಎಂಬ ಪ್ರಶ್ನೆಯ ಪಾಡೂ ಇದೇ. ಮುಂದೆ ಮದುವೆಗೆ ಅಡ್ಡಿಯಾದೀತೆಂದು ಹೆತ್ತವರು ಊರಿಗೇ ವಿಷಯ ಮುಚ್ಚಿಟ್ಟಿದ್ದರೆ, ಯಾರಿಗೂ ಗೊತ್ತಿಲ್ಲದ್ದಕ್ಕೆ ಮುಜುಗರವೆಲ್ಲಿಂದ? ಅಲ್ಲೂ 100. ಫ್ರಿಜ್ ಇಲ್ಲದ ಮನೆಯಲ್ಲಿ ಬೇಸಿಗೆಯಲ್ಲಿ ಇನ್ಸುಲಿನನ್ನು ಮಡಕೆಯ ತಂಪಿನಲ್ಲಿ ಕಾಪಾಡುವ ಚಿಂತೆಗಾಗಲಿ, ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿಬರುವ ದಣಿವಿಗಾಗಲಿ 3.0ರ 28 ಪ್ರಶ್ನೆಗಳಲ್ಲಿ ಜಾಗವಿಲ್ಲ.

‘ಕ್ರಾನ್‌ಬಾಕ್ ಆಲ್ಫಾ’ 0.70 ದಾಟಿತಲ್ಲ ಎಂದು ಸಮಾಧಾನಪಡುವವರುಂಟು. 2003ರ ಅಧ್ಯಯನದಲ್ಲಿ ಮಧುಮೇಹ ವಿಭಾಗದ ಸರಾಸರಿ ಆಲ್ಫಾ ಮಕ್ಕಳ ಉತ್ತರಗಳಲ್ಲಿ 0.71, ಪಾಲಕರವುಗಳಲ್ಲಿ 0.77. ಆದರೆ ಆಲ್ಫಾ ತೋರಿಸುವುದು ಉತ್ತರಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬುದನ್ನು ಮಾತ್ರ. ಮಕ್ಕಳೆಲ್ಲ ಪ್ರಶ್ನೆಗಳನ್ನು ಒಂದೇ ಬಗೆಯಲ್ಲಿ ತಪ್ಪಾಗಿ ಗ್ರಹಿಸಿದರೂ ಆಲ್ಫಾ ಚೆನ್ನಾಗಿಯೇ ಇರಬಲ್ಲದು. ತಕ್ಕಡಿಯು ಪ್ರತಿ ಸಲವೂ ಒಂದೇ ತೂಕ ತೋರಿಸುವುದು ಬೇರೆ, ಸರಿಯಾದ ತೂಕ ತೋರಿಸುವುದು ಬೇರೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಪ್ರತಿ ಪ್ರಶ್ನೆಯನ್ನೂ ಓದಿಸಿ, ‘ಇದು ಏನು ಕೇಳುತ್ತಿದೆ, ನಿನ್ನ ಮಾತಿನಲ್ಲಿ ಹೇಳು’ ಎಂದು ಮಗುವನ್ನೇ ಕೇಳಬೇಕು. ಈ ಹಂತ ಅಧಿಕೃತ ಅನುವಾದ ಕ್ರಮದಲ್ಲಿಯೂ ಇದೆ; ಆದರೆ ಕೇಳಿಸಿಕೊಂಡ ಐದಾರು ಮಕ್ಕಳೂ ಬೆಂಗಳೂರಿನವರೇ ಆದರೆ ಶಿರಾದ ಮಗುವಿಗೆ ಅದರಿಂದ ಏನೂ ಆಗದು. ಎರಡನೆಯದಾಗಿ, ‘ನನ್ನ ಬಳಿ ಅದು ಇಲ್ಲ’ ಎಂಬ ಉತ್ತರವನ್ನು ಪಕ್ಕದಲ್ಲಿ ಬರೆದುಕೊಂಡು ಆ ಪ್ರಶ್ನೆಯನ್ನು ಖಾಲಿಯೆಂದು ಎಣಿಸಬೇಕು. ಉತ್ತರಿಸದ ಪ್ರಶ್ನೆಗಳು ಅರ್ಧವನ್ನು ಮೀರದಿದ್ದರೆ ಸರಾಸರಿ ತೆಗೆಯಲು ಮೂಲದ ನಿಯಮವೇ ಅವಕಾಶ ಕೊಡುತ್ತದೆ. ಮೂರನೆಯದಾಗಿ, ಪಾವಗಡದ ಅನೇಕ ಮನೆಗಳ ಮಾತು ತೆಲುಗು, ಮಗುವಿನ ಓದು ಕನ್ನಡ. ತಾಯಿಯ ಉತ್ತರವೂ ಮಗುವಿನ ಉತ್ತರವೂ ಬೇರೆಯಾದರೆ ಕಾರಣ ಕಾಯಿಲೆಯೋ ಭಾಷೆಯೋ ಎಂದು ವಿಚಾರಿಸಬೇಕು.

ಇದು ಸಂಶೋಧಕರಿಗೆ ಮಾತ್ರ ಸೇರಿದ ಸೂಕ್ಷ್ಮವಲ್ಲ. 25 ಅಂಕದ ಮಗುವನ್ನು ವೈದ್ಯರು ಕರೆದು ಕೂರಿಸಿ ಮಾತನಾಡಿಸುತ್ತಾರೆ. 46 ಬಂದ ಮಗುವಿನ ಹಾಳೆ ಕಡತ ಸೇರುತ್ತದೆ. ಮುಂದಿನ ವಾರ ತರಗತಿಯಲ್ಲಿ ಅವಳು ಬೆವರಿ ಮಂಕಾಗಿ ಮೇಜಿಗೆ ತಲೆಯಿಟ್ಟರೆ, ಮೇಷ್ಟ್ರು ಅದನ್ನು ತೂಕಡಿಕೆ ಎಂದೇ ತಿಳಿದಾರು.