ಮಾತು ಬರ್ಲಿನ್ನಿನದು, ಬಿಲ್ಲು ಲೈಪ್‌ಜಿಗ್ಗಿನದು

ಜರ್ಮನಿಯಲ್ಲಿ ಮೂರು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದ ಸೀಟು ಹಕ್ಕಾಗಿ ದಕ್ಕಿದ್ದು ಗರ್ಭಪಾತದ ಜಗಳದ ನಡುವೆ. 1990ರಲ್ಲಿ ಎರಡು ಜರ್ಮನಿಗಳು ಒಂದಾದಾಗ ಪೂರ್ವದಲ್ಲಿ ಹನ್ನೆರಡು ವಾರದೊಳಗಿನ ಗರ್ಭಪಾತಕ್ಕೆ ಅಡ್ಡಿಯಿರಲಿಲ್ಲ. ಪಶ್ಚಿಮದಲ್ಲಿ ಕೆಲವು ವಿನಾಯಿತಿ ಬಿಟ್ಟರೆ ಅದು ಅಪರಾಧ. ಎರಡಕ್ಕೂ ಹೊಂದುವ ಕಾನೂನನ್ನು 1992ರಲ್ಲಿ ಬರೆಯುವಾಗ ಒಂದು ಮುಜುಗರ ಎದುರಾಯಿತು. ಹೆರು ಎಂದು ಹೇಳುವ ಸರ್ಕಾರ ಹೆತ್ತ ಮೇಲಿನ ಪಾಡಿಗೂ ಏನಾದರೂ ಹೇಳಬೇಕಲ್ಲ? ಹಾಗೆ ಸೀಟಿನ ಹಕ್ಕು ಆ ಕಾನೂನಿನೊಳಗೆ ಸೇರಿತು. ಮರುವರ್ಷ ಸಂವಿಧಾನ ನ್ಯಾಯಾಲಯ ಗರ್ಭಪಾತದ ಮುಖ್ಯ ಅಂಶವನ್ನು ಹೊಡೆದುಹಾಕಿತು. ಸೀಟು ಮಾತ್ರ ಉಳಿದುಕೊಂಡು 1996ರ ಜನವರಿ 1ರಿಂದ ಜಾರಿಗೆ ಬಂತು.

ಈ ಹುಟ್ಟುಮಚ್ಚೆ ಹಕ್ಕಿನ ಮೈಮೇಲೆ ಇನ್ನೂ ಇದೆ. ಮಗುವಿಗೆ ಅಲ್ಲಿ ಏನು ಸಿಗಬೇಕು ಎಂದು ಅದು ಕೇಳಿಕೊಳ್ಳಲಿಲ್ಲ, ಮಗುವನ್ನು ಎಲ್ಲಿ ಬಿಡಬೇಕು ಎಂದಷ್ಟೇ ಹೇಳಿತು. ದಿನಕ್ಕೆ ಎಷ್ಟು ಗಂಟೆ ಎಂಬುದನ್ನೂ ಬರೆಯಲಿಲ್ಲ. ಪಶ್ಚಿಮದ ಊರುಗಳಲ್ಲಿ ಬೆಳಿಗ್ಗೆ ಬಿಟ್ಟ ಮಗುವನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಕರೆತರುವುದೇ ರೂಢಿಯಾಗಿತ್ತು. ನಾಲ್ಕು ಗಂಟೆಯಲ್ಲಿ ಹೋಗಿ ಮುಗಿಸಿ ಬರುವ ಕೆಲಸ ಯಾವುದಿದೆಯೋ. ಪೂರ್ವದ ತಾಯಂದಿರಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ಅವರ ಹಳೆಯ ಸಮಾಜವಾದಿ ಸರ್ಕಾರ, ಕಾರ್ಖಾನೆಗೆ ಕೈಗಳು ಬೇಕಿದ್ದರಿಂದ, ಎಳೆಗೂಸುಗಳನ್ನೂ ಇಡೀ ದಿನ ನೋಡಿಕೊಳ್ಳುತ್ತಿತ್ತು. ಪಶ್ಚಿಮದಲ್ಲಾದರೋ ಚಿಕ್ಕ ಮಗುವನ್ನು ಬಿಟ್ಟು ದುಡಿಯಲು ಹೋಗುವವಳಿಗೆ 'ಕಾಗೆ ತಾಯಿ' ಎಂಬ ಬೈಗುಳವಿದೆ. ಬಳಗವನ್ನು ಬಿಟ್ಟು ಉಣ್ಣದ ಹಕ್ಕಿ ಎಂದು ನಾವು ಕಾಗೆಯನ್ನು ಹೊಗಳುತ್ತೇವೆ. ಅಲ್ಲಿ ಅದು ಮರಿಯನ್ನು ತೊರೆದವಳು.

ಎರಡನೆಯ ಅಂಕ ಶುರುವಾದದ್ದು 2007ರಲ್ಲಿ. ಉರ್ಸುಲಾ ಫಾನ್ ಡೆರ್ ಲಾಯೆನ್ ಕುಟುಂಬ ಸಚಿವೆಯಾಗಿದ್ದಾಗ ಕೇಂದ್ರ, ರಾಜ್ಯ, ನಗರಗಳು ಕೂತು 2013ರೊಳಗೆ ಮೂರು ವರ್ಷದ ಕೆಳಗಿನ ಮಕ್ಕಳಿಗೆ 7,50,000 ಸೀಟು ಎಂದು ಒಪ್ಪಿಕೊಂಡವು. ಅಂದಾಜು ವೆಚ್ಚ 12 ಬಿಲಿಯನ್ ಯೂರೊ, ಅದರಲ್ಲಿ ಕೇಂದ್ರದ ಪಾಲು 4 ಬಿಲಿಯನ್. 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಹಕ್ಕು ಬಂತು. ಲಗ್ನ ನಿಶ್ಚಯಿಸಿದವರು ಒಬ್ಬರು, ಛತ್ರದ ಬಾಡಿಗೆ ಕಟ್ಟಬೇಕಾದವರು ಇನ್ನೊಬ್ಬರು. ಪೋಷಕರು ಬಾಗಿಲು ತಟ್ಟುವುದು ರಾಜಧಾನಿಯ ಸಚಿವಾಲಯದ್ದಲ್ಲ, ಪಾಲಿಕೆಯದು. ಜಾಗ ಹುಡುಕುವುದು, ಕಟ್ಟುವುದು, ಸೀಟಿಲ್ಲ ಎಂದು ಹೇಳಿ ಬೈಸಿಕೊಳ್ಳುವುದು ಎಲ್ಲ ಅಲ್ಲಿಯೇ.

ಅದೇ ಆಗಸ್ಟ್ 1ರಂದು ತದ್ವಿರುದ್ಧವಾದ ಇನ್ನೊಂದು ಯೋಜನೆಯೂ ಶುರುವಾಯಿತು. ಬವೇರಿಯಾದ ಸಿಎಸ್‌ಯು ಪಕ್ಷದ ಹಟದಿಂದ, ಸರ್ಕಾರಿ ನೆರವಿನ ಸೀಟು ಬೇಡವೆಂದ ಮನೆಗೆ ತಿಂಗಳಿಗೆ 100 ಯೂರೊ, ಮುಂದಿನ ವರ್ಷದಿಂದ 150. ವಿರೋಧಿಗಳು ಇದಕ್ಕೆ 'ಒಲೆ ಬಹುಮಾನ' ಎಂದು ಹೆಸರಿಟ್ಟಿದ್ದರು. ಹ್ಯಾಂಬರ್ಗ್ ರಾಜ್ಯ ಕೋರ್ಟಿಗೆ ಹೋಯಿತು. 2015ರಲ್ಲಿ ಸಂವಿಧಾನ ನ್ಯಾಯಾಲಯ ಇದನ್ನು ರದ್ದು ಮಾಡಿತಾದರೂ ಕಾರಣ ಒಣಗಲು: ಇಂಥ ಕಾನೂನು ಮಾಡುವ ಅಧಿಕಾರ ಕೇಂದ್ರಕ್ಕಿಲ್ಲ. ತಾಯಿ ಮನೆಯಲ್ಲಿರಬೇಕೇ ಎಂಬ ಅಸಲು ಜಗಳವನ್ನು ಅದು ಮುಟ್ಟಲಿಲ್ಲ.

ಹಕ್ಕಿನ ನಿಜವಾದ ಪರೀಕ್ಷೆ ನಡೆದದ್ದು ಲೈಪ್‌ಜಿಗ್ ನಗರದ ಮೇಲೆ ಮೂವರು ತಾಯಂದಿರು ಹೂಡಿದ ದಾವೆಯಲ್ಲಿ. ಸೀಟು ಸಿಗದೆ ಕೆಲಸಕ್ಕೆ ಹೋಗಲಾಗಲಿಲ್ಲ, ಹೋದ ಸಂಬಳ ಕೊಡಿ ಎಂದು ಅವರು ಕೇಳಿದ್ದು ಒಟ್ಟು ಸುಮಾರು 15,000 ಯೂರೊ. 2016ರ ಅಕ್ಟೋಬರಿನಲ್ಲಿ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಅವರ ವಾದವನ್ನು ತತ್ತ್ವದಲ್ಲಿ ಒಪ್ಪಿತು: ಬೊಕ್ಕಸದಲ್ಲಿ ದುಡ್ಡಿಲ್ಲ ಎಂಬುದು ನಗರಕ್ಕೆ ನೆಪವಾಗದು. ನನ್ನ ಮಟ್ಟಿಗೆ ಇಡೀ ಕಥೆಯ ಎತ್ತರದ ಜಾಗ ಇದು. ಅರ್ಜಿ ಹಿಡಿದು ಕಾಯುತ್ತಿದ್ದವಳು ಫಿರ್ಯಾದಿಯಾಗಿ ನಿಂತಳು. ಆದರೆ ತೀರ್ಪಿನ ಇಕ್ಕಟ್ಟೂ ಅಲ್ಲೇ ಇದೆ. ಪರಿಹಾರದ ಅಳತೆ ಕಳೆದುಹೋದ ಸಂಬಳ. ಸಂಬಳವೇ ಇಲ್ಲದವಳು, ಭಾಷೆ ಕಲಿತು ಕೆಲಸ ಹುಡುಕಬೇಕೆಂದಿದ್ದ ವಲಸೆಗಾರ ತಾಯಿ, ಈ ಲೆಕ್ಕದಲ್ಲಿ ಏನನ್ನೂ ಕಳೆದುಕೊಂಡಿಲ್ಲ. ಹಕ್ಕು ಯಾರದೋ ಆ ಮಗುವಿನ ನಷ್ಟಕ್ಕೆ ಬೆಲೆಯೇ ಕಟ್ಟಿಲ್ಲ.

2018ರ ಮಾರ್ಚ್‌ನಲ್ಲಿ ಬರ್ಲಿನ್ನಿನ ಮೇಲ್ಮನವಿ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಸಿಬ್ಬಂದಿ ಕೊರತೆಯೂ ನೆಪವಲ್ಲ, ಐದು ವಾರದೊಳಗೆ ಸೀಟು ತೋರಿಸಿ ಎಂದಿತು. ಹೇಳುವುದೇನೋ ಸುಲಭ, ಶಿಶುವಿಹಾರದ ಟೀಚರನ್ನು ತಯಾರು ಮಾಡಲು ವರ್ಷಗಳು ಬೇಕು, ಆ ತರಬೇತಿಗೆ ಬಹುಕಾಲ ಸಂಬಳವೂ ಇರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಬರ್ಲಿನ್ ಎಲ್ಲ ವಯಸ್ಸಿನ ಮಕ್ಕಳಿಗೂ ಶುಲ್ಕ ತೆಗೆದುಹಾಕಿತು. ಅಲ್ಲಿ ಶುಲ್ಕ ಆದಾಯಕ್ಕೆ ತಕ್ಕಂತೆ ಇತ್ತು, ಆದ್ದರಿಂದ ದೊಡ್ಡ ಲಾಭ ಚೆನ್ನಾಗಿ ದುಡಿಯುವ ಮನೆಗೇ. ಸಾಲಿನಲ್ಲಿ ನಿಂತವರಿಗೆ ಉಚಿತವಾದದ್ದು ಸಿಗದ ಸೀಟು. ಶಿಶುವಿಹಾರಗಳ ಗುಣಮಟ್ಟಕ್ಕೆಂದು ಬಂದ 2019ರ ಕಾನೂನಿನಡಿ ಕೇಂದ್ರ ಕೊಟ್ಟ 5.5 ಬಿಲಿಯನ್ ಯೂರೊದಲ್ಲೂ ಕೆಲವು ರಾಜ್ಯಗಳು ಒಳ್ಳೆಯ ಪಾಲನ್ನು ಶುಲ್ಕ ಕಡಿತಕ್ಕೇ ಹಾಕಿದವು. ಶುಲ್ಕ ಮಾಫಿ ಚುನಾವಣೆಯ ಪೋಸ್ಟರಿನಲ್ಲಿ ಕಾಣುತ್ತದೆ, ಒಂದು ಗುಂಪಿಗೆ ಇನ್ನೊಬ್ಬ ಟೀಚರ್ ಕಾಣುವುದಿಲ್ಲ.

ಇದನ್ನು ಬೆಂಗಳೂರಿನಲ್ಲಿ ಕೂತು ಓದುವಾಗ ಟೀಕೆಯ ನಾಲಿಗೆ ತುಸು ತಡವರಿಸುತ್ತದೆ. ನಮ್ಮ ಸಂವಿಧಾನದ 45ನೇ ವಿಧಿ, 2002ರ ತಿದ್ದುಪಡಿಯ ನಂತರ, ಆರು ವರ್ಷದವರೆಗಿನ ಮಕ್ಕಳ ಪಾಲನೆ, ಶಿಕ್ಷಣಕ್ಕಾಗಿ ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಪೂರ್ವ ಪ್ರಾಥಮಿಕಕ್ಕೆ ಬಂದಾಗ 'ವ್ಯವಸ್ಥೆ ಮಾಡಬಹುದು' ಎಂದು ಜಾರಿಕೊಳ್ಳುತ್ತದೆ. 2024ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆಯುವ ತೀರ್ಮಾನವಾದಾಗ, ದೊಡ್ಡ ಮಕ್ಕಳು ಅತ್ತ ಹೋದರೆ ತಮ್ಮ ಕೇಂದ್ರಗಳು ಬರಿದಾಗುತ್ತವೆಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಭಯ ನ್ಯಾಯವಾದದ್ದೇ. ಆದರೆ ಆ ಗಲಾಟೆಯಲ್ಲಿ ನನ್ನ ಮಗುವಿನ ಸೀಟು ಎಲ್ಲಿ ಎಂದು ಕೇಳುವ ತಾಯಿಗೆ ನಿಲ್ಲಲು ಜಾಗವಿರಲಿಲ್ಲ. ಕಾನೂನು ಅವಳಿಗೆ ಕೇಳುವಂಥದ್ದೇನನ್ನೂ ಕೊಟ್ಟಿಲ್ಲ. ಎಲ್‌ಕೆಜಿಯ 'ಕೆಜಿ', ಅಂದರೆ ಕಿಂಡರ್‌ಗಾರ್ಟನ್, ಜರ್ಮನಿಯಿಂದ ಬಂತು. ಹಕ್ಕು ಬರಲಿಲ್ಲ.

ಇತ್ತ ಲೈಪ್‌ಜಿಗ್‌ನಲ್ಲಿ ಹುಟ್ಟುವ ಮಕ್ಕಳೇ ಕಡಿಮೆಯಾಗಿದ್ದಾರೆ. ಒಂದು ಕಾಲಕ್ಕೆ ಸೀಟಿಲ್ಲದೆ ಕೋರ್ಟು ಕಂಡ ನಗರ ಈಗ ಖಾಲಿ ಸೀಟುಗಳನ್ನು ಎಣಿಸಿಕೊಂಡು ಶಿಶುವಿಹಾರ ಮುಚ್ಚುವ ಮಾತಾಡುತ್ತಿದೆ. ಮುಚ್ಚುವ ಬದಲು ಗುಂಪುಗಳನ್ನು ಚಿಕ್ಕದು ಮಾಡಿ, ಇರುವ ಟೀಚರುಗಳನ್ನೇ ಉಳಿಸಿಕೊಳ್ಳಿ ಎಂದರೆ ಪಾಲಿಕೆ ಮತ್ತೆ ಬೊಕ್ಕಸ ತೋರಿಸಬಹುದು. ಈ ಸಲ ನೆಪ ನಡೆಯುತ್ತದೆ, ಯಾಕೆಂದರೆ ಸೀಟಂತೂ ಇದೆ.