ಎಫ್‌ಎ ಎಂಬ ಹೆಸರು ಹೊತ್ತ ೞ

ಜಾವಾ 9ರ ಮಾಡ್ಯೂಲ್ ವ್ಯವಸ್ಥೆಯ ಬಗ್ಗೆ ಈ ವಾರ ಬರೆಯುವುದಾಗಿ ಹೇಳಿದ್ದೆ. ಅದು ಇನ್ನೊಂದು ವಾರ ಕಾಯಲಿ. ಅದಕ್ಕೂ ಮೊದಲು ಹೇಳಿಬಿಡಬೇಕಾದ ಒಂದು ಅಕ್ಷರದ ಕಥೆ ಇದೆ, ಅದು ನಮ್ಮದೇ ಅಕ್ಷರ. ಜಾವಾದ ಕ್ಯಾರೆಕ್ಟರ್ ಕ್ಲಾಸಿನಲ್ಲಿ 7ನೆಯ ಆವೃತ್ತಿಯಿಂದ ಗೆಟ್‌ನೇಮ್ ಎಂಬ ಮೆಥಡ್ ಇದೆ. ಯೂನಿಕೋಡ್ ಸಂಖ್ಯೆ ಕೊಟ್ಟರೆ ಅಕ್ಷರದ ಅಧಿಕೃತ ಹೆಸರು ಹೇಳುತ್ತದೆ. ಅದಕ್ಕೆ 3294 ಕೊಟ್ಟು ನೋಡಿ. ‘ಕನ್ನಡ ಲೆಟರ್ ಎಫ್‌ಎ’ ಎಂದು ಬರುತ್ತದೆ. ಆ ಜಾಗದಲ್ಲಿ ಕುಳಿತಿರುವುದು ೞ. ಪೞೆಯ, ಮೞೆ, ಕೋೞಿ, ಏೞು ಎಂದು ಹಳಗನ್ನಡ ಓದಿದವರಿಗೆಲ್ಲ ಪರಿಚಯವಿರುವ ೞ. ಇಂಗ್ಲಿಷಿನ ಎಫ್‌ಗೂ ಇದಕ್ಕೂ ಯಾವ ನಂಟೂ ಇಲ್ಲ. ಪಟ್ಟಿ ಮಾಡುವಾಗ ಹೆಸರು ತಪ್ಪಿತು, ತಪ್ಪು ಮಾನಕದೊಳಗೆ ಸೇರಿತು, ಅಲ್ಲಿಂದ ಜಗತ್ತಿನ ಪ್ರತಿ ಕಂಪ್ಯೂಟರಿಗೂ ಹೋಯಿತು. ತಪ್ಪೆಂದು ಗೊತ್ತಾದ ಮೇಲೂ ಯೂನಿಕೋಡ್‌ನವರು ಅದನ್ನು ತಿದ್ದಲಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ, ಒಮ್ಮೆ ಕೊಟ್ಟ ಸ್ಥಾನವನ್ನು ಕಿತ್ತುಕೊಳ್ಳುವುದಿಲ್ಲ ಎಂಬುದು ಅವರ ನಿಯಮ. ಮಾಡಿದ್ದಿಷ್ಟೇ: ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟು, ಈ ಅಕ್ಷರದ ಸರಿಯಾದ ಹೆಸರು ‘ಎಲ್‌ಎಲ್‌ಎಲ್‌ಎ’ ಎಂದು ಬರೆದಿಟ್ಟರು.

ಕನ್ನಡಿಗರಿಗೆ ಇದು ನೋವಿನ ವಿಷಯವೇ. ಆದರೂ ಅವರು ಮಾಡಿದ್ದು ಸರಿ ಎಂಬುದು ನನ್ನ ವಾದ. ಸಾರ್ವಜನಿಕರ ಕೈಗೆ ಕೊಟ್ಟ ಹೆಸರು ಕೊಟ್ಟವನ ಸ್ವತ್ತಾಗಿ ಉಳಿಯುವುದಿಲ್ಲ. ಅದನ್ನು ನಂಬಿ ಯಾರು ಎಲ್ಲಿ ಏನು ಬರೆದಿದ್ದಾರೋ ಕೊಟ್ಟವನಿಗೆ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ಹೊಸದನ್ನು ಸೇರಿಸುವ ಹಕ್ಕು ಅವನಿಗೆ ಉಂಟು, ಹಳೆಯದನ್ನು ಕೀಳುವ ಹಕ್ಕು ಇಲ್ಲ. ಓಪನ್ ಸೋರ್ಸ್ ಲೈಬ್ರರಿ ಕಟ್ಟುವವರಿಗೆ ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು ನಾನು ಈ ದೃಷ್ಟಿಯಿಂದಲೇ ಮತ್ತೆ ಮತ್ತೆ ತೆಗೆಯುತ್ತೇನೆ. ಹದಿಮೂರನೆಯ ಶತಮಾನದ ಹೊತ್ತಿಗೆ ಜನರ ನಾಲಿಗೆಯಲ್ಲಿ ೞ ಸವೆದು ಬೇರೆ ಧ್ವನಿಗಳೊಡನೆ ಬೆರೆಯುತ್ತಿತ್ತು. ಬಳಕೆ ತಪ್ಪುತ್ತಿರುವ ಅಕ್ಷರ, ಬಿಟ್ಟುಬಿಡೋಣ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ರಳ (ಇದೇ ೞ), ಕುಳ, ಕ್ಷಳ ಎಂದು ಮೂರನ್ನೂ ಬೇರ್ಪಡಿಸಿದ, ಯಾವ ಯಾವ ಮಾತುಗಳಲ್ಲಿ ರಳ ಬರುತ್ತದೆ ಎಂದು ಪದಗಳನ್ನೇ ಎಣಿಸಿಕೊಟ್ಟ. ಮಾತಾಡುವವರು ಮುಂದೆ ಹೋದರೂ ಹಿಂದೆ ಬರೆದಿಟ್ಟ ಕಾವ್ಯ ಓದುವವನಿಗೆ ದಾರಿ ಮುಚ್ಚಬಾರದು ಎಂಬ ಎಚ್ಚರ ಅಲ್ಲಿದೆ. ‘ಇದು ಹಳತಾಗಿದೆ’ ಎಂದು ಗುರುತು ಹಾಕುವುದಕ್ಕೂ ‘ಇದನ್ನು ತೆಗೆದಿದ್ದೇವೆ’ ಎನ್ನುವುದಕ್ಕೂ ಇರುವ ಅಂತರವನ್ನು ನಮ್ಮ ವೈಯಾಕರಣ ಅಷ್ಟು ಹಿಂದೆಯೇ ಬಲ್ಲ.

ಜಾವಾ ತನ್ನ ಮೂಲ ಲೈಬ್ರರಿಯಲ್ಲಿ ಬಹುಮಟ್ಟಿಗೆ ಇದೇ ದಾರಿ ಹಿಡಿಯಿತು. ಡೇಟ್ ಕ್ಲಾಸಿನ ಅವಾಂತರ ಈ ಅಂಕಣದ ಓದುಗರಿಗೆಲ್ಲ ಗೊತ್ತು: ವರ್ಷವನ್ನು 1900ರಿಂದ ಎಣಿಸುತ್ತದೆ, ತಿಂಗಳನ್ನು ಸೊನ್ನೆಯಿಂದ. 2024 ಎಂದು ಕೊಟ್ಟರೆ 3924ನೆಯ ಇಸವಿ ಸಿಗುತ್ತದೆ. 1997ರಲ್ಲೇ ಅದರ ಬಹುಪಾಲು ಮೆಥಡ್‌ಗಳ ಮೇಲೆ ‘ಬಳಸಬೇಡಿ’ ಎಂಬ ಗುರುತು ಬಿತ್ತು. 2014ರ ಜಾವಾ 8ರಲ್ಲಿ, ಜೋಡಾ ಟೈಮ್ ಲೈಬ್ರರಿಯ ಅನುಭವದ ಮೇಲೆ ಕಟ್ಟಿದ ಹೊಸ ಟೈಮ್ ಪ್ಯಾಕೇಜ್ ಬಂತು. ಹಳೆಯ ಡೇಟ್ ಮಾತ್ರ ಎಲ್ಲೂ ಹೋಗಲಿಲ್ಲ. ಅದರಿಂದ ಹೊಸದಕ್ಕೆ ದಾಟಲು ಒಂದು ಮೆಥಡ್ ಸೇರಿಸಿದರು, ಅಷ್ಟೇ. ಸ್ಟ್ರಿಂಗ್‌ನ ಲೆಂಗ್ತ್ ಮೆಥಡ್ಡನ್ನೂ ನೋಡಿ. ‘ಬಿನ್ನಿಪೇಟೆ’ ಎಂಬ ಪದ ಕೊಟ್ಟರೆ ಅದು 10 ಎನ್ನುತ್ತದೆ. ಕನ್ನಡ ಓದುವವರ ಎಣಿಕೆಯಲ್ಲಿ ಅಕ್ಷರ ನಾಲ್ಕೇ. ಮೊದಲ ನಾಲ್ಕು ಘಟಕ ಕತ್ತರಿಸಿದರೆ ‘ಬಿನ್’ ಎಂಬ ತುಂಡು ಸಿಗುತ್ತದೆ, ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದಿರುತ್ತದೆ. ‘ಪೇ’ಯ ದೀರ್ಘವನ್ನು ಯಾವುದೋ ಕೀಲಿಮಣೆ ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿ ಒಡೆದು ಕೊಟ್ಟಿದ್ದರೆ ಲೆಕ್ಕ 11 ಆಗುತ್ತದೆ, ಕಣ್ಣಿಗೆ ಒಂದೇ ಆದ ಎರಡು ಪದಗಳನ್ನು ಈಕ್ವಲ್ಸ್ ಮೆಥಡ್ ಬೇರೆ ಬೇರೆ ಎನ್ನುತ್ತದೆ. ಲೆಂಗ್ತ್‌ನ ಅರ್ಥವನ್ನೇ ತಿದ್ದಿದ್ದರೆ? ಅದನ್ನು ನಂಬಿ ಬರೆದ ಪ್ರತಿ ಲೂಪೂ, ಪ್ರತಿ ಡೇಟಾಬೇಸ್ ಕಾಲಮಿನ ಲೆಕ್ಕವೂ ಸದ್ದಿಲ್ಲದೆ ತಪ್ಪುತ್ತಿತ್ತು. ಅದಕ್ಕೇ 2004ರ ಜಾವಾ 5ರಲ್ಲಿ ಕೋಡ್‌ಪಾಯಿಂಟ್ ಮೆಥಡ್‌ಗಳನ್ನು, ಜಾವಾ 6ರಲ್ಲಿ ನಾರ್ಮಲೈಸರ್ ಕ್ಲಾಸನ್ನು ಪಕ್ಕದಲ್ಲಿ ತಂದಿಟ್ಟರು. ಲೆಂಗ್ತ್ ಇದ್ದಂತೆಯೇ ಉಳಿಯಿತು.

ಬೆಂಗಳೂರಿನ ಬಿನ್ನಿಪೇಟೆಯ ಹೆಸರನ್ನೇ ಆರಿಸಿದ್ದಕ್ಕೆ ಕಾರಣವಿದೆ. 1884ರಲ್ಲಿ ಶುರುವಾದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿಯನ್ನು ಮದ್ರಾಸಿನ ಬಿನ್ನಿ ಕಂಪನಿ ನಡೆಸಿದ್ದರಿಂದ ಪೇಟೆಗೆ ಆ ಹೆಸರು. ಗಿರಣಿ ಹೋಯಿತು, ಆ ನೆಲದಲ್ಲಿ ವಸತಿ ಸಮುಚ್ಚಯ ಎದ್ದಿದೆ, ಹೆಸರು ಮಾತ್ರ ವಿಳಾಸಗಳಲ್ಲಿ ದುಡಿಯುತ್ತಲೇ ಇದೆ. ಪಕ್ಕದ ಸಿಟಿ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟರು, ಟಿಕೆಟ್ಟಿನ ಮೇಲಿನ ಸಂಕೇತ ಎಸ್‌ಬಿಸಿ ಎಂದೇ ಉಳಿಯಿತು. ಫಲಕದ ಹೆಸರು ಜನರ ಗೌರವಕ್ಕೆ, ಸಂಕೇತ ಯಂತ್ರದ ನಂಬಿಕೆಗೆ. ಎರಡನ್ನೂ ಕಾಪಾಡಬಹುದು. ನಮ್ಮ ಊರಿನ ಪ್ರೋಗ್ರಾಮುಗಳಲ್ಲಿ ಸಮಯ ಹೇಳುವ ‘ಏಷ್ಯಾ/ಕೋಲ್ಕತಾ’ ವಲಯವೂ ಹೀಗೆಯೇ. ಹಳೆಯ ‘ಏಷ್ಯಾ/ಕ್ಯಾಲ್ಕಟಾ’ ಎಂದು ಬರೆದ ಪ್ರೋಗ್ರಾಮೂ ಇವತ್ತಿಗೂ ಸರಿಯಾದ ಗಂಟೆ ಹೇಳುತ್ತದೆ.

ಇದಕ್ಕೆ ಎದುರು ನಿಂತ ಪಂಥವೊಂದಿದೆ, ಅದರ ಜೊತೆ ನನ್ನ ಜಗಳ ಹಳೆಯದು. ಆವೃತ್ತಿಯ ಮೊದಲ ಅಂಕಿಯನ್ನು ಏರಿಸಿದರೆ ಏನನ್ನು ಬೇಕಾದರೂ ಮುರಿಯಬಹುದು, ಏರಿಸುವುದೇ ಎಚ್ಚರಿಕೆ ಎನ್ನುತ್ತಾರೆ ಅವರು. ಕೇಳಲು ನ್ಯಾಯವಾಗಿದೆ. ಜಾವಾದ ನೆಲದಲ್ಲಿ ಅದು ನಿಲ್ಲುವುದಿಲ್ಲ. ಸಾಮಾನ್ಯ ಕ್ಲಾಸ್‌ಪಾತ್‌ನಲ್ಲಿ ಒಂದು ಹೆಸರಿಗೆ ಒಂದೇ ಕ್ಲಾಸ್. ನಿಮ್ಮ ಪ್ರೋಗ್ರಾಮು ಎರಡು ಲೈಬ್ರರಿ ಬಳಸುತ್ತದೆ ಎನ್ನಿ. ಒಂದಕ್ಕೆ ಮೂರನೆಯ ಲೈಬ್ರರಿಯ ಹಳೆಯ ಆವೃತ್ತಿ ಬೇಕು, ಇನ್ನೊಂದಕ್ಕೆ ಹೊಸದು. ಮೇವನ್ ತನಗೆ ಹತ್ತಿರವಾದುದನ್ನು ಆರಿಸುತ್ತದೆ, ಗ್ರೇಡಲ್ ಎತ್ತರದ ಅಂಕಿಯದನ್ನು. ಯಾವುದನ್ನು ಆರಿಸಿದರೂ ಒಬ್ಬನಿಗೆ ಮೋಸ. ಕಂಪೈಲ್ ಮಾಡುವಾಗ ಯಾರೂ ತಡೆಯುವುದಿಲ್ಲ, ಏಕೆಂದರೆ ಆ ಎರಡೂ ಲೈಬ್ರರಿಗಳು ಎಂದೋ ಕಂಪೈಲ್ ಆಗಿ ಬಂದವು. ಓಡುವಾಗ, ಆ ಸಾಲು ಮುಟ್ಟಿದಾಗ, ‘ಅಂಥ ಮೆಥಡ್ ಇಲ್ಲ’ ಎಂಬ ದೋಷ. ಪೆಟ್ಟು ತಿಂದವನು ಆವೃತ್ತಿಯ ಅಂಕಿಯನ್ನು ಆರಿಸಿದವನೇ ಅಲ್ಲ. ಆ ಲೈಬ್ರರಿಯ ಹೆಸರೂ ಅವನಿಗೆ ಗೊತ್ತಿರಲಿಕ್ಕಿಲ್ಲ. ಜಾವಾ ಭಾಷೆಯ ನಿರ್ದಿಷ್ಟತಾ ಗ್ರಂಥದ 13ನೆಯ ಅಧ್ಯಾಯ ಪೂರ್ತಿಯಾಗಿ ಇದಕ್ಕೇ ಮೀಸಲು. ಏನು ಬದಲಿಸಿದರೆ ಆಗಲೇ ಕಂಪೈಲ್ ಆದ ಕೋಡ್ ಮುರಿಯುತ್ತದೆ, ಏನು ಬದಲಿಸಿದರೆ ಮುರಿಯುವುದಿಲ್ಲ ಎಂದು ಅದು ಒಂದೊಂದಾಗಿ ಬಿಡಿಸಿಡುತ್ತದೆ. ಆವೃತ್ತಿ ಸಂಖ್ಯೆಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವರ್ಚುವಲ್ ಮಷೀನ್ ನೋಡುವುದು ಹೆಸರು, ಸಹಿ (ಸಿಗ್ನೇಚರ್) ಮತ್ತು ಪ್ರವೇಶದ ಅನುಮತಿಯನ್ನು.

ಗ್ವಾವಾ ಲೈಬ್ರರಿಯ ಸ್ಟಾಪ್‌ವಾಚ್ ಇದಕ್ಕೆ ತಕ್ಕ ಸಾಕ್ಷಿ. ಮೊದಲು ಸಾರ್ವಜನಿಕವಾಗಿದ್ದ ಅದರ ಕನ್‌ಸ್ಟ್ರಕ್ಟರನ್ನು ಒಳಗೆ ಎಳೆದುಕೊಂಡು, ಅದರ ಬದಲು ಹೊಸ ಹೆಸರಿನ ಮೆಥಡ್‌ಗಳನ್ನು ಕೊಟ್ಟರು. ವಿನ್ಯಾಸವಾಗಿ ನೋಡಿದರೆ ಹೊಸದೇ ಉತ್ತಮ, ಅನುಮಾನವಿಲ್ಲ. ಆದರೆ ಎಚ್‌ಬೇಸ್‌ನಂಥ ದೊಡ್ಡ ಯೋಜನೆಗಳ ಕೋಡ್ ಹಳೆಯ ಕನ್‌ಸ್ಟ್ರಕ್ಟರನ್ನು ಕರೆಯುತ್ತಿತ್ತು. ಅದರ ಜೊತೆ ಹೊಸ ಗ್ವಾವಾ ಸೇರಿದ ಕಡೆಯೆಲ್ಲ ಪ್ರವೇಶ ನಿಷೇಧದ ದೋಷ ಎದ್ದಿತು. ಕೊನೆಗೆ ಗ್ವಾವಾದವರೇ ಪಾಠ ಕಲಿತರು: ಬೀಟಾ ಗುರುತಿಲ್ಲದ ಯಾವುದನ್ನೂ ಇನ್ನು ತೆಗೆಯುವುದಿಲ್ಲ, ಹಾಗೆ ತೆಗೆದ ಕೊನೆಯ ಆವೃತ್ತಿ 21 ಎಂದು ಪ್ರಕಟಿಸಿದರು. ಅಪಾಚೆ ಕಾಮನ್ಸ್ ಲ್ಯಾಂಗ್‌ನವರು 2011ರಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ದಾರಿ ತೋರಿಸಿದ್ದರು. ಮೂರನೆಯ ಆವೃತ್ತಿಯಲ್ಲಿ ಮುರಿಯಲೇಬೇಕಾದ್ದಿತ್ತು. ಪ್ಯಾಕೇಜಿನ ಹೆಸರನ್ನೇ ‘ಲ್ಯಾಂಗ್3’ ಎಂದು ಬೇರೆ ಮಾಡಿದರು. ಹಳೆಯದೂ ಹೊಸದೂ ಒಂದೇ ಪ್ರೋಗ್ರಾಮಿನಲ್ಲಿ ಅಕ್ಕಪಕ್ಕ ಬದುಕಿದವು. ಬೇರೆಯದಾಯಿತು ಎಂದರೆ ಬೇರೆ ಹೆಸರಿಡಿ. ಹಳೆಯ ಹೆಸರಿನೊಳಗೆ ಹೊಸ ವಸ್ತು ತುಂಬಿ ಅಂಕಿ ಬದಲಿಸುವುದು ಎಚ್ಚರಿಕೆಯಾಗುವುದಿಲ್ಲ.

ನಮ್ಮ ಊರಿನಲ್ಲೇ ಇದನ್ನು ಹತ್ತಿರದಿಂದ ನೋಡಬಹುದು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಮುಕ್ತವಾಗಿ ಬಿಟ್ಟ ಝೆಡ್‌ಜೇಸನ್‌ಪ್ಯಾಚ್ ಸಣ್ಣ ಜಾವಾ ಲೈಬ್ರರಿ. ಎರಡು ಜೇಸನ್ ದಾಖಲೆಗಳ ನಡುವಿನ ವ್ಯತ್ಯಾಸವನ್ನು 2013ರ ಆರ್‌ಎಫ್‌ಸಿ 6902 ಹೇಳಿದ ರೂಪದಲ್ಲಿ ಬರೆದುಕೊಡುತ್ತದೆ, ಆ ವ್ಯತ್ಯಾಸವನ್ನು ಇನ್ನೊಂದು ದಾಖಲೆಗೆ ಹಚ್ಚಿಯೂ ಕೊಡುತ್ತದೆ. ಮುಖ್ಯ ಬಾಗಿಲು ಎರಡೇ: ಜೇಸನ್‌ಡಿಫ್ ಮತ್ತು ಜೇಸನ್‌ಪ್ಯಾಚ್. ಬಳಕೆದಾರರ ಬೇಡಿಕೆ ಮಾತ್ರ ನೂರೆಂಟು. ತೆಗೆದ ಜಾಗದಲ್ಲಿ ತೆಗೆದ ಮೌಲ್ಯವನ್ನೂ ಬರೆಯಬೇಕು ಎನ್ನುವವರು ಕೆಲವರು, ಮೂವ್ ಬೇಡ, ಆ್ಯಡ್ ಮತ್ತು ರಿಮೂವ್ ಸಾಕು ಎನ್ನುವವರು ಕೆಲವರು, ಪ್ರತಿ ಬದಲಾವಣೆಗೂ ಮುಂಚೆ ಟೆಸ್ಟ್ ಬೇಕು ಎನ್ನುವವರು ಇನ್ನು ಕೆಲವರು. ಇವನ್ನೆಲ್ಲ ಅಲ್ಲಿ ಒಂದು ಈನಮ್‌ನ ಗುರುತುಗಳಾಗಿ ಇಟ್ಟಿದ್ದಾರೆ; ಬೇಕಾದವನು ಮೂರನೆಯ ಆರ್ಗ್ಯುಮೆಂಟಾಗಿ ಈನಮ್‌ಸೆಟ್ ಕೊಡುತ್ತಾನೆ, ಎರಡೇ ಕೊಟ್ಟು ಕರೆಯುವವನಿಗೆ ಸಾದಾ ಬಾಗಿಲೇ ಸಾಕು. ಹೊಸ ಬೇಡಿಕೆ ಬಂದಾಗ ಪಟ್ಟಿಗೆ ಹೊಸ ಗುರುತು ಸೇರುತ್ತದೆ, ಹಳಬನ ಕೋಡಿಗೆ ಸೋಂಕು ತಗಲುವುದಿಲ್ಲ. ಮೂಲ ದಾಖಲೆಯನ್ನು ಮುಟ್ಟದೆ ಪ್ರತಿ ತೆಗೆದು ಹಚ್ಚುವ ಅಪ್ಲೈ ಒಂದು, ಮೂಲವನ್ನೇ ತಿದ್ದುವ ಅಪ್ಲೈ‌ಇನ್‌ಪ್ಲೇಸ್ ಇನ್ನೊಂದು. ಬೇರೆ ಕೆಲಸಕ್ಕೆ ಬೇರೆ ಹೆಸರು. ಇಷ್ಟು ಪುಟ್ಟ ಲೈಬ್ರರಿಯಲ್ಲಿ ಇಷ್ಟು ನೇರವಾದ ವಿನ್ಯಾಸ ಕಂಡರೆ ಖುಷಿಯಾಗುತ್ತದೆ. ಕುಬರ್ನೆಟೀಸ್ ಕ್ಲೈಂಟ್ ಕಟ್ಟುವ ಫ್ಯಾಬ್ರಿಕ್8 ತಂಡ ಇದರದೇ ಕವಲು ತೆಗೆದಾಗಲೂ ತಮ್ಮದೇ ಪ್ಯಾಕೇಜ್ ಹೆಸರಿಟ್ಟುಕೊಂಡಿತು. ಹಾಗಾಗಿ ಮೂಲ ಮತ್ತು ಕವಲು ಒಂದೇ ಕ್ಲಾಸ್‌ಪಾತ್‌ನಲ್ಲಿ ಕಿತ್ತಾಡುವುದಿಲ್ಲ.

ಆಕ್ಷೇಪಗಳಿಗೆ ಬರೋಣ. ಏನನ್ನೂ ತೆಗೆಯದಿದ್ದರೆ ಕಸ ಬೆಳೆಯುತ್ತದೆ, ಹೊಸಬರು ಹಳೆಯ ಬಾಗಿಲಲ್ಲೇ ನುಗ್ಗುತ್ತಾರೆ ಎಂಬುದು ಮೊದಲನೆಯದು. ನಿಜ. ಅದಕ್ಕೆ ಮದ್ದು ಗುರುತು ಹಾಕುವುದು, ಪಕ್ಕದಲ್ಲಿ ಸರಿಯಾದ ದಾರಿ ತೋರಿಸುವುದು, ಕಾಲ ಕೊಡುವುದು. ಥ್ರೆಡ್ ಕ್ಲಾಸಿನ ಸ್ಟಾಪ್ ಮೆಥಡ್ ಅಪಾಯಕಾರಿ ಎಂದು 1998ರಲ್ಲೇ ಗುರುತಾಯಿತು. ಅದು ತನ್ನ ಕೆಲಸ ನಿಲ್ಲಿಸಿ ಕರೆದವನಿಗೆ ಎಕ್ಸೆಪ್ಶನ್ ಎಸೆಯತೊಡಗಿದ್ದು 2023ರ ಜಾವಾ 20ರಲ್ಲಿ, ಇಪ್ಪತ್ತೈದು ವರ್ಷಗಳ ಬಳಿಕ. ಆಗಲೂ ಮೊದಲು ಹೋದದ್ದು ನಡತೆ, ಹೆಸರಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಲೈಬ್ರರಿಯ ಬಿರುಕು ಜಗತ್ತನ್ನೇ ಎಬ್ಬಿಸಿತು. ಲಾಗಿನ ಸಾಲಿನಲ್ಲಿ ಒಂದು ವಿಶೇಷ ಪಠ್ಯ ಬಂದರೆ ಜೆಎನ್‌ಡಿಐ ಎಂಬ, ಹೆಸರು ಹುಡುಕುವ ವ್ಯವಸ್ಥೆಯ ಮೂಲಕ ಹೊರಗಿನ ಸರ್ವರಿನಿಂದ ಕೋಡ್ ತಂದು ಓಡಿಸುವಷ್ಟು ದೂರ ಅದು ಹೋಗುತ್ತಿತ್ತು. ಆ ಸೌಲಭ್ಯ ಸೇರಿದ್ದು 2013ರಲ್ಲಿ; ಅದು ಉಳಿದುಕೊಂಡದ್ದು ಹಿಂದಿನವರಿಗೆ ತೊಂದರೆಯಾಗಬಾರದೆಂಬ ಇದೇ ಕಾಳಜಿಯಿಂದ. ಹಾಗಾದರೆ ನನ್ನ ನಿಯಮವೇ ಅಪರಾಧಿಯಲ್ಲವೇ? ಇಲ್ಲಿ ಎರಡನ್ನು ಬಿಡಿಸಿ ನೋಡಬೇಕು. ಕಾಪಾಡಬೇಕಾದ್ದು ಹೆಸರು ಮತ್ತು ಸಹಿಯನ್ನು. ತಾನಾಗಿ ತೆರೆದಿರುವ ಪ್ರತಿ ಕಿಟಕಿಯನ್ನೂ ಶಾಶ್ವತವಾಗಿ ತೆರೆದಿಡಬೇಕೆಂದು ಯಾರೂ ಮಾತು ಕೊಟ್ಟಿರಲಿಲ್ಲ. 2.16ನೆಯ ಆವೃತ್ತಿಯಲ್ಲಿ ಆ ಹುಡುಕಾಟವನ್ನು ಸಂದೇಶಗಳಿಂದ ಕಿತ್ತುಹಾಕಿದರು, ಜೆಎನ್‌ಡಿಐಯನ್ನು ಮುಚ್ಚಿಟ್ಟೇ ಕೊಟ್ಟರು. ಲಾಗ್ ಬರೆಯುವ ಮೆಥಡ್‌ಗಳ ಒಂದು ಸಹಿಯೂ ಬದಲಾಗಲಿಲ್ಲ. ಹಾಗಿದ್ದದ್ದರಿಂದಲೇ ಕೋಡ್ ಮುಟ್ಟದೆ, ಮರು ಕಂಪೈಲ್ ಮಾಡದೆ, ಜಾರ್ ಫೈಲನ್ನಷ್ಟೇ ಬದಲಿಸಿ ಪಾರಾಗಲು ಜನರಿಗೆ ಸಾಧ್ಯವಾಯಿತು. ಸಹಿಗಳನ್ನು ಮನಬಂದಂತೆ ಮುರಿಯುವ ಲೈಬ್ರರಿಯಲ್ಲಿ ಇಂಥ ಬಿರುಕು ಕಂಡಿದ್ದರೆ ತುರ್ತು ದುರಸ್ತಿಗೆ ದಿನಗಳಲ್ಲ, ತಿಂಗಳುಗಳು ಬೇಕಾಗುತ್ತಿದ್ದವು.

ಮೂರನೆಯದು ದುಡಿಮೆಯ ಪ್ರಶ್ನೆ. ಸಂಬಳವಿಲ್ಲದೆ ಸಂಜೆ ಹೊತ್ತಿನಲ್ಲಿ ಕೆಲಸ ಮಾಡುವ ಮೂರು ನಾಲ್ಕು ಜನ ಹತ್ತು ವರ್ಷದ ಹಿಂದಿನ ಮೆಥಡ್ಡನ್ನು ಯಾಕೆ ಹೊರಬೇಕು? ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಭಾರ ಇಳಿಸುವ ದಾರಿ ಇರುವುದು ಪ್ರಕಟಣೆಗೆ ಮುಂಚೆ. ಕ್ಲಾಸನ್ನು ಪಬ್ಲಿಕ್ ಮಾಡುವ ಮೊದಲು ಒಂದು ವಾರ ಪ್ಯಾಕೇಜಿನ ಒಳಗೇ ಇಡಿ. ಕೇಳುವವರು ಬಂದರೆ ಕೊಡಿ, ಬಾರದಿದ್ದರೆ ಅಲ್ಲೇ ಇರಲಿ. ಒಳಗಿಟ್ಟುಕೊಂಡದ್ದನ್ನು ನಾಳೆ ಹೊರಗೆ ಕೊಡಬಹುದು, ಹೊರಗೆ ಕೊಟ್ಟದ್ದನ್ನು ಮತ್ತೆ ಒಳಗೆ ಎಳೆಯಲಾಗದು. ಹೊರೆಯ ಇನ್ನೊಂದು ಪಾಲು ಬಳಸುವ ಕಂಪನಿಗಳದ್ದು. ಬೆಂಗಳೂರಿನ ಝೆರೋಧಾ 2024ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಓಪನ್ ಸೋರ್ಸ್ ನಿಧಿ ಪ್ರಕಟಿಸಿತು. ಇಂಥ ಹಣ ಹೊಸ ಸೌಲಭ್ಯಗಳ ಬೆನ್ನು ಹತ್ತದೆ ಹಳೆಯ ಸಹಿಗಳನ್ನು ಕಾಯುವ, ಪ್ರತಿ ಬಿಡುಗಡೆಗೂ ಮುಂಚೆ ಹಿಂದಿನ ಆವೃತ್ತಿಯ ಜಾರ್ ಜೊತೆ ಹೋಲಿಸಿ ನೋಡುವ ಕೆಲಸಕ್ಕೂ ತಲುಪಬೇಕು. ಕಾಯುವ ಕೆಲಸದ ಬೆಲೆ ನಮ್ಮಲ್ಲೇ ಕಾಣುತ್ತದೆ: ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್ ಸಂಕೇತದಲ್ಲಿ ಬೆರಳಚ್ಚಾದ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ನಡೆಯುವುದು ಆ ಸಂಕೇತಗಳ ಪಟ್ಟಿ ಇದ್ದಲ್ಲೇ ಇರುವುದರಿಂದ. ಯಾವ ಸಂಖ್ಯೆ ಯಾವ ಒತ್ತಕ್ಷರದ ಚೂರು ಎಂಬ ಆ ಕೋಷ್ಟಕವನ್ನು ಸಾಲು ಸಾಲಾಗಿ ಪರೀಕ್ಷಿಸಿ ಕಾಯ್ದುಕೊಂಡವರ ಕೆಲಸಕ್ಕೆ ಬಿಡುಗಡೆ ಸಮಾರಂಭ ನಡೆಯುವುದಿಲ್ಲ. ಮುಂದಿನ ವಾರ ಮಾಡ್ಯೂಲ್‌ಗಳು.